ಕೆಂಪು ವಸ್ತ್ರ ಕಂಡ ದೋಣಿ

ನಾನು ಒಂದು ದೋಣಿ. ಇಬ್ಬರು ಪಕ್ಕಪಕ್ಕ ಕೂರಲಾಗದಷ್ಟು ಸಪೂರ. ಕುಂದಾಪುರದ ಕಡೆ ಹೊಳೆಗಳು ಕಡಲು ಸೇರುವ ಮುನ್ನ ಕವಲೊಡೆದು, ನಡುವೆ ಸಣ್ಣ ಸಣ್ಣ ನಡುಗಡ್ಡೆಗಳನ್ನು ಉಳಿಸಿವೆ. ಅವಕ್ಕೆ ಕುದ್ರು ಎನ್ನುತ್ತಾರೆ. ಅಂಥದೊಂದು ಕುದ್ರುವಿನಲ್ಲಿ ವಾಸು ಆಚಾರಿ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ನನಗೆ ಜನ್ಮ ಕೊಟ್ಟ.

ನನ್ನನ್ನು ಮಾಡಿಸಿದವನು ಬಚ್ಚ ಮೊಗವೀರ. ಅವನ ಹೆಂಡತಿ ಗುಲಾಬಿ ಮದುಮಗಳಾಗಿ ಕುದ್ರುವಿಗೆ ಬಂದದ್ದು ನನ್ನಲ್ಲಿ ಕೂತೇ. ಬೇಸಿಗೆಯಲ್ಲಿ ಅವಳು ನನಗೆ ಗೇರೆಣ್ಣೆ ಬಳಿಯುತ್ತಿದ್ದಳು. ಹಲಗೆ ಸೀಳದಿರಲೆಂದು ಒದ್ದೆ ಗೋಣಿ ಹೊದಿಸುತ್ತಿದ್ದಳು.

"ನಿಂಗೂ ಸೆಕೆ ಅಲ್ದಾ?" ಎನ್ನುತ್ತಿದ್ದಳು. ದೋಣಿಯನ್ನು ಹಾಗೆ ಕೇಳಿದವರು ಬೇರೆ ಯಾರೂ ಇಲ್ಲ.

ಇಡೀ ಕುದ್ರುವಿಗೆ ನಾನೊಂದೇ ದೋಣಿ. ಆಚೆ ಇದ್ದಾಗ ನನ್ನನ್ನು ಕರೆಯಲು ದಡದ ತೆಂಗಿನ ಮರಕ್ಕೆ ವಸ್ತ್ರ ಕಟ್ಟುತ್ತಿದ್ದರು. ಬಿಳಿಯದಾದರೆ ಬಿಡುವಾದಾಗ ಬಂದರೆ ಸಾಕು. ಕೆಂಪಾದರೆ ಯಾರದೋ ಜೀವದ ಮಾತು. ಕೈಯಲ್ಲಿದ್ದುದನ್ನು ಬಿಟ್ಟು ಬರಬೇಕು.

ಆ ವರ್ಷ ಮೇ ತಿಂಗಳಲ್ಲಿ, ಕುದ್ರುವಿನ ಜಾಗದ ಧಣಿಗಳ ಮಗ ರತ್ನಾಕರ ಗೆಳೆಯರೊಡನೆ ಹೊಳೆ ಸುತ್ತಲು ಬಂದ. ಜೊತೆಗೆ ಅವನ ಚಿಕ್ಕಮ್ಮ ಪದ್ದಕ್ಕನೂ ಇದ್ದರು. ಬಚ್ಚ ಬಿದಿರಿನ ಗಳ ಊರಿ ನನ್ನನ್ನು ನಿಧಾನವಾಗಿ ನಡೆಸಿದ. ಉಪ್ಪುನೀರಲ್ಲೇ ಬೇರೂರಿದ ಕಾಂಡ್ಲ ಗಿಡಗಳ ನೆರಳು, ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗಳು. ನೀರಿಗೆ ಕೈ ಇಳಿಬಿಟ್ಟು ಎಲ್ಲರೂ ಎಳನೀರು ಕುಡಿದರು. ಪದ್ದಕ್ಕ ಮಾತ್ರ ತಮ್ಮ ಎಳನೀರನ್ನು ಬಚ್ಚನಿಗೆ ಕೊಟ್ಟರು.

ಆಗಲೇ ತೆಂಗಿನ ಮರದಲ್ಲಿ ಕೆಂಪು ಕಂಡಿತು. ಅದು ಗುಲಾಬಿಯದೇ ಸೀರೆ. ಅದರ ಕೆಳಗೆ ನೆರೆಮನೆಯ ಬಾಬಿ ಎರಡೂ ಕೈ ಬೀಸುತ್ತಿದ್ದಳು.

"ಕಾಣಿ, ನಮ್ಗೇ ಟಾಟಾ ಮಾಡ್ತಿದ್ಲ್!" ಎಂದ ರತ್ನಾಕರ. ಎಲ್ಲರೂ ನಗುತ್ತಾ ತಿರುಗಿ ಕೈ ಬೀಸಿದರು. ಕೈ ಬೀಸಿದಷ್ಟೂ ಬಾಬಿ ಇನ್ನೂ ಜೋರಾಗಿ ಬೀಸಿದಳು.

"ಒಡೇರೆ, ಅದ್ ಕೆಂಪ್ ವಸ್ತ್ರ. ದೋಣಿ ತಿರ್ಗ್ಸ್ಕ್," ಎಂದ ಬಚ್ಚ.

"ಇನ್ನೊಂದ್ ಸುತ್ತ್ ಆಯ್ಲಿ ಮಾರಾಯಾ. ಹೆಂಡ್ತಿ ಕರೂದಾ? ಊಟಕ್ಕಾ?" ರತ್ನಾಕರ ಗಳ ಕಿತ್ತುಕೊಂಡು ಮಡಿಲಲ್ಲಿ ಅಡ್ಡ ಇಟ್ಟುಕೊಂಡ. "ಬೇಕಾರೆ ಬಂದ್ ಕಸ್ಕೊ!"

ಧಣಿಗಳ ಮಗನ ಮೈಮುಟ್ಟಿ ಕಿತ್ತುಕೊಂಡರೆ ಕುದ್ರುವಿನ ಮನೆ ಉಳಿಯದು. ಬಚ್ಚ ಕೈ ಮುಗಿದ.

"ಕೊಡಾ ಮಗಾ. ಅವ್ನ್ ಮುಖ ಕಾಣ್," ಎಂದರು ಪದ್ದಕ್ಕ.

"ಚಿಕ್ಕಿ, ನೀವ್ ಸುಮ್ನೆ ಕೂಕಣಿ."

ಬಚ್ಚ ನೀರಿಗೆ ಹಾರಿದ. ಅವನು ಈಜುವುದನ್ನು ಕಂಡು ಗೆಳೆಯರು ಚಪ್ಪಾಳೆ ತಟ್ಟಿದರು. ಕೆಂಪು ವಸ್ತ್ರ ಕರೆದದ್ದು ನನ್ನನ್ನು, ಅವನೊಬ್ಬನೇ ಹೋದ.

ಗಳ ಊರಲು ಉಳಿದವರಿಗೆ ಬರಲಿಲ್ಲ. ನೀರು ಇಳಿಯುತ್ತಿತ್ತು. ನಾನು ಗಿರಗಿರನೆ ಸುತ್ತಿ ಮರಳ ದಿಬ್ಬಕ್ಕೆ ಸಿಕ್ಕಿಕೊಂಡೆ. ಭರತದ ನೀರು ಏರುವವರೆಗೆ ಅಲ್ಲಿಂದ ಆ ಕೆಂಪನ್ನೇ ನೋಡಿದೆ.

ತೆಂಗಿನ ಗರಿ ಎತ್ತುವಾಗ ಗುಲಾಬಿಗೆ ಹಾವು ಕಚ್ಚಿತ್ತು. ಆಚೆ ದಡದಲ್ಲೇ ಆಸ್ಪತ್ರೆ. ದೋಣಿಗಾಗಿ ಕಾಯುತ್ತಾ ಅವಳು ಬಚ್ಚನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಮರುದಿನ ಅವಳನ್ನು ನಾನು ದಾಟಿಸಿದೆ. ಅವಳಿಗೆ ಹೊದಿಸಿದ್ದು ಪದ್ದಕ್ಕ ಕಳಿಸಿದ ಹೊಸ ಸೀರೆ.

ಬಚ್ಚ ಮತ್ತೆ ನನ್ನನ್ನು ಮುಟ್ಟಲಿಲ್ಲ. ದಡದಲ್ಲಿ ಬಿದ್ದಿದ್ದ ನನ್ನನ್ನು ಧಣಿಗಳ ಮನೆಯವರು ತಮ್ಮ ಅಂಗಳಕ್ಕೆ ಹೊತ್ತು ತಂದು, ಮಣ್ಣು ತುಂಬಿ ಹೂಗಿಡ ನೆಟ್ಟರು. ಪದ್ದಕ್ಕ ಇರುವವರೆಗೆ ಬೇಸಿಗೆಯಲ್ಲಿ ಒದ್ದೆ ಗೋಣಿ ಹೊದಿಸುತ್ತಿದ್ದರು. ಈಗ ಅವರಿಲ್ಲ, ನನ್ನ ಹೊಲಿಗೆ ಬಿಚ್ಚುತ್ತಿದೆ.

ರತ್ನಾಕರನ ತಲೆಗೂದಲು ಬೆಳ್ಳಗಾಗಿದೆ. ನೆಂಟರು ಬಂದರೆ ನನ್ನ ಪಕ್ಕ ಕುರ್ಚಿ ಹಾಕಿಸಿ ಕಥೆ ಹೇಳುತ್ತಾನೆ: "ಇದೇ ದೋಣಿ ಕಾಣಿ. ಅಂಬಿಗ ನಡುನೀರಂಗೆ ನಮ್ಮನ್ನ್ ಬಿಟ್ಟ್ ಓಡಿಹೋದ!" ಎಲ್ಲರೂ ನಗುತ್ತಾರೆ. ಅವನ ಕಥೆಯಲ್ಲಿ ಗುಲಾಬಿ ಇಲ್ಲ.

ಒಮ್ಮೊಮ್ಮೆ ಮನೆಯವರು ಅಂಗಳದ ಹಗ್ಗಕ್ಕೆ ಮೈ ಒರೆಸುವ ಕೆಂಪು ಬೈರಾಸು ಒಣಹಾಕುತ್ತಾರೆ. ಅದು ಗಾಳಿಗೆ ಹಾರಿದಾಗಲೆಲ್ಲ ಈ ಮಣ್ಣಿನ ಭಾರದಡಿ ನನ್ನ ಹಲಗೆಗಳು ಕಿರುಗುಟ್ಟುತ್ತವೆ.