ಬಿರುಕಿನ ಮೇಲಿನ ಗಾಜು

ಗುಲಾಬಸಾಬ ಕಾಕಾ ನಮ್ಮ ಕಾಲೇಜಿನ ಕಾಂಕ್ರೀಟ್ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಕ್ಯೂಬ್ ಒಡೆಯುತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ಕಟ್ಟಡ ಏಳುವಾಗ ಗುತ್ತಿಗೆದಾರರು ಅದೇ ಕಾಂಕ್ರೀಟನ್ನು ಚೌಕದ ಅಚ್ಚಿಗೆ ತುಂಬಿ, ಹಸಿಯಿರುವಾಗಲೇ ಮೊಳೆಯಿಂದ ತಾರೀಖು ಗೀಚಿ, ಇಪ್ಪತ್ತೆಂಟು ದಿನದ ಮೇಲೆ ನಮ್ಮಲ್ಲಿಗೆ ತರುತ್ತಾರೆ. ಎಷ್ಟು ಭಾರ ತಡೆಯುತ್ತದೆಂದು ಯಂತ್ರಕ್ಕಿಟ್ಟು ಒಡೆಯುವುದು ಕಾಕಾ. ಅಂಕಿ ಬರೆದು ಸಹಿ ಹಾಕುವುದು ಎಂ.ಟೆಕ್ ಓದುವ ನಾನು, ಋತುಜಾ.

ಫೆಬ್ರುವರಿಯಲ್ಲಿ ದೇಶಪಾಂಡೆ ನಗರದಲ್ಲಿ ಮುಗಿಯುತ್ತ ಬಂದಿದ್ದ ಹೊಸ ಲೇಡೀಸ್ ಹಾಸ್ಟೆಲ್ಲಿನ ಹನ್ನೆರಡು ಕ್ಯೂಬ್ ಬಂದವು. ಹನ್ನೆರಡೂ ಒಂದೇ ಸಮ ಗಟ್ಟಿ. ನನ್ನ ಥೀಸಿಸ್‌ಗೂ ಇಂಥ ಅಂಕಿಗಳೇ ಬೇಕಿದ್ದವು, ಕುಣಿಯುವುದೊಂದು ಬಾಕಿ. ಕಾಕಾ ಮಾತ್ರ ತಾರೀಖಿನ ಮೇಲೆ ಬೆರಳಾಡಿಸುತ್ತಾ ನಿಂತರು.

"ಅಕ್ಕಾರ, ಇದು ಹಸೀದಿದ್ದಾಗ ಬರದಿದ್ದಲ್ಲ. ಗಟ್ಟಿ ಆದಮ್ಯಾಲ ಗೀಚ್ಯಾರ. ನೋಡ್ರಿ, ಬಿಳೀ ಪುಡಿ ಬರಾಕತ್ತೇತಿ."

ಅಂದರೆ ಜಾಸ್ತಿ ಸಿಮೆಂಟ್ ಸುರಿದು ಬೇರೆಲ್ಲೋ ಮಾಡಿಟ್ಟ ಕ್ಯೂಬ್. ಹಾಸ್ಟೆಲ್ಲಿನ ಕಂಬದೊಳಗೆ ಏನಿದೆಯೋ ದೇವರೇ ಬಲ್ಲ. ನನ್ನ ಗೈಡ್ ಬಿಂದುಮಾಧವ ಸರ್ ಹತ್ತಿರ ಓಡಿದೆ. ಅವರು ತಲೆ ಕೂಡ ಎತ್ತಲಿಲ್ಲ.

"ಎಲ್ಲಾರೂ ಹಂಗಽ ತರ್ತಾರ. ತಂದದ್ದನ್ನ ಒಡಿಯೂದಷ್ಟಽ ನಮ್ಮ ಕೆಲಸ. ಇನ್ನ ಹತ್ತು ದಿವಸಕ್ಕ ನೀ ಬರದು ಕೊಡಬೇಕು. ಇವನ್ನ ಬಿಟ್ರ ಥೀಸಿಸ್‌ನ್ಯಾಗ ಏನ ಉಳೀತದ?"

ಎರಡು ವರ್ಷ ಹಗಲು ರಾತ್ರಿ ಒಂದು ಮಾಡಿದ್ದೆ. ಸಹಿ ಹಾಕಿದೆ. ಆ ದಿನ ಕಾಕಾ ನನ್ನ ಜೊತೆ ಚಹಾ ಕುಡಿಯಲಿಲ್ಲ.

ವೈವಾ ಭರ್ಜರಿಯಾಗಿ ಮುಗಿಯಿತು. ಜೂನ್‌ನಲ್ಲಿ ಗೆಳತಿ ಸ್ನೇಹಲ್ ಫೋನ್ ಮಾಡಿದಳು.

"ನೀ ಟೆಸ್ಟ್ ಮಾಡಿದ ಬಿಲ್ಡಿಂಗ್ ಅಂತನಽ ಇಲ್ಲಿ ರೂಮ್ ಹಿಡದೇನಿ ನೋಡು. ಆದರ ಕೆಳಗಿನ ಕಂಬದಾಗ ಕೂದಲೆಳಿಯಂಥ ಬಿರುಕು ಬಂದದ. ಬಂದು ನೋಡ್ತೀಯೇನ?"

ಮರುದಿನ ಬೆಳಿಗ್ಗೆ ಹೋದೆ. ನಾಲ್ಕು ಅಂತಸ್ತು, ಎಪ್ಪತ್ತು ಹುಡುಗಿಯರು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಬೇಗ ಗಟ್ಟಿಯಾಗುವ ಅಂಟಿನಿಂದ ಕೂರಿಸಿದೆ. ಬಿರುಕು ಸುಮ್ಮನಿದ್ದರೆ ಗಾಜು ಉಳಿಯುತ್ತದೆ, ಬೆಳೆಯುತ್ತಿದ್ದರೆ ಒಡೆಯುತ್ತದೆ. ತಿಂಗಳುಗಟ್ಟಲೆ ಕಾಯಬೇಕಾದ ಕೆಲಸವಿದು.

"ಏನೂ ಆಗೂದಿಲ್ಲ ಬಿಡು," ಎಂದೆ. ಸ್ನೇಹಲ್‌ಗಿಂತ ಹೆಚ್ಚಾಗಿ ನನಗೇ ಹೇಳಿಕೊಂಡೆ.

ಎಂಟು ದಿನ ಬಾರದಿದ್ದ ನೀರು ಆ ಬೆಳಿಗ್ಗೆಯೇ ನಳಕ್ಕೆ ಬಂದಿತ್ತು. ಯಾರೋ ಮೋಟರ್ ಹಾಕಿದರು. ತಾರಸಿಯ ಮೇಲಿನ ಖಾಲಿ ಟ್ಯಾಂಕುಗಳು ಒಂದೊಂದಾಗಿ ತುಂಬತೊಡಗಿದವು. ಸ್ನೇಹಲ್ ಅವಲಕ್ಕಿ ತಂದಳು. ಎರಡು ತುತ್ತು ತಿಂದಿರಲಿಲ್ಲ, ಕಂಬದ ಕಡೆ ಟಕ್ ಎಂದಿತು.

ಗಾಜು ನಡುವೆ ಸೀಳಿತ್ತು.

"ಮೊದಲ ಮೋಟರ್ ಬಂದ್ ಮಾಡು, ನೀರಿನ ಭಾರ ಈ ಕಂಬ ತಾಳೂದಿಲ್ಲ! ಹೊರಗ ಹೋಗು!" ಎಂದು ಸ್ನೇಹಲ್‌ಳನ್ನು ನೂಕಿ ಮೆಟ್ಟಿಲು ಹತ್ತಿದೆ. ಬಾಗಿಲು ಬಾಗಿಲು ಬಡಿದೆ. "ಲಗೂ ಇಳೀರಿ! ಏನೂ ತಗೋಬ್ಯಾಡ್ರಿ!"

ಎರಡನೆಯ ಮಹಡಿಯಲ್ಲಿ ವಾರ್ಡನ್ ರತ್ನವ್ವ ಅಡ್ಡ ಬಂದರು. ಹುಡುಗಿಯರೆಲ್ಲ ಅವರ ಬೆನ್ನ ಹಿಂದೆಯೇ ನಿಂತುಬಿಟ್ಟರು.

"ಏನವ್ವಾ, ತಲಿ ಕೆಟ್ಟೈತೇನ? ಬಿಲ್ಡಿಂಗ್ ಗಟ್ಟಿ ಐತಿ ಅಂತ ಕಾಲೇಜಿನವ್ರು ಬರದುಕೊಟ್ಟಾರ. ಆಫೀಸಿನ್ಯಾಗ ಫ್ರೇಮ್ ಹಾಕಿಸಿ ಇಟ್ಟೇವಿ, ಹೋಗಿ ಓದು!"

"ಅದರಾಗಿನ ಸಹಿ ನಂದಽ ರೀ ಅವ್ವಾರ," ಎಂದೆ. "ಅದು ಸುಳ್ಳು."

ರತ್ನವ್ವ ದಾರಿ ಬಿಟ್ಟು ಹುಡುಗಿಯರನ್ನು ಮೆಟ್ಟಿಲ ಕಡೆ ನೂಕಿದರು. ಮೇಲೆ ಟ್ಯಾಂಕಿಗೆ ನೀರು ಇನ್ನೂ ಬೀಳುತ್ತಲೇ ಇತ್ತು.