ಕಂಡಕ್ಟರ ಮುಂದಿನ ಎರಡು ಹಲ್ಲು

ಚಿಕ್ಕ ಡಾಕ್ಟರಿಗೆ ಸುಸ್ತಾಗಿತ್ತು. ಸುಸ್ತೆಂದರೆ ನಿಮ್ಮ ನಮ್ಮಂಥವರ ಸುಸ್ತಲ್ಲ, ತಕ್ಕಡಿಗೆ ಹಾಕಿದ್ದರೆ ತಕ್ಕಡಿಯೇ ಎರಡು ತುಂಡಾಗುವಂಥದ್ದು. ದಿನವಿಡೀ ಪರರ ಬಾಯಿಯೊಳಗೆ ಬಗ್ಗಿ ನೋಡುವವರ ಸೊಂಟನೋವಿನ ಕತೆ ಕೇಳಿದರೆ ಹಮಾಲಿ ಕೂಡ ಬೆನ್ನ ಮೇಲಿನ ಮೂಟೆ ಇಳಿಸಿ, "ಪಾಪ" ಎಂದು ಕಣ್ಣೊರೆಸಿಕೊಳ್ಳುತ್ತಾನೆ. ಇದರಲ್ಲಿ ಎಳ್ಳಷ್ಟು ಸುಳ್ಳಿದ್ದರೆ ಈ ಕತೆ ಹೇಳುವ ಬಾಯಿಯ ಹಲ್ಲೆಲ್ಲ ಇಲ್ಲೇ ಉದುರಲಿ.

ದೊಡ್ಡ ಡಾಕ್ಟರ ಹಲ್ಲಿನ ಆಸ್ಪತ್ರೆಗೆ ಅವಳು ಸೇರಿ ಇದು ಮೂರನೆಯ ವರ್ಷ. ಮೊದಲ ವರ್ಷವೆಲ್ಲ ರೋಗಿಗಳ ಬಾಯಿಯಿಂದ ಎಂಜಲು ಎಳೆಯುವ ಕೊಳವೆ ಹಿಡಿದು ನಿಂತಳು. ಆ ಎಂಜಲಿಗೆ ಒಂದು ಕೆರೆ ತುಂಬಿ ಕೋಡಿ ಬೀಳುತ್ತಿತ್ತು. ಎರಡನೆಯ ವರ್ಷ ಅಚ್ಚಿಗೆ ಪ್ಲಾಸ್ಟರ್ ಕಲಸಿದಳು. ಅದರಲ್ಲಿ ಮಹಡಿ ಮನೆ ಏಳುತ್ತಿತ್ತು. ಮೂರನೆಯ ವರ್ಷಕ್ಕೆ ಹಲ್ಲುಸೆಟ್ಟು ಮಾಡುವ ಕೆಲಸ ಪೂರ್ತಿ ಅವಳ ಪಾಲಿಗೆ ಬಂತು. ಜೊತೆಗೆ ಒಂದು ಆಸೆಯೂ ಅಂಟಿಕೊಂಡಿತು. ದೊಡ್ಡ ಡಾಕ್ಟರ ಮಂಡಿ ಸವೆದು, ಕೂತರೆ ಏಳಲಾರರು, ಎದ್ದರೆ ಕೂರಲಾರರು ಎಂಬಂತಾಗಿತ್ತು. ಸಂಜೆಯ ಹೊತ್ತು ಆಸ್ಪತ್ರೆಯನ್ನು ಯಾರಿಗಾದರೂ ಒಪ್ಪಿಸಬೇಕೆಂದು ಅವರೇ ಹೇಳಿದ್ದರು. ಸಂಜೆಯ ಕೀಲಿ ಕೈಗೆ ಬಂದರೆ ಅವಳದೇ ಕುರ್ಚಿ, ಅವಳದೇ ರೋಗಿಗಳು, ಬಾಗಿಲಲ್ಲಿ ಅವಳದೇ ಬೋರ್ಡು.

ಮನೆಯಲ್ಲಿ ಅಮ್ಮನದು ದಿನಾ ಒಂದೇ ರಾಗ. "ಕೀಲಿ ವಿಷ್ಯ ಏನಾಯ್ತೇ?"

"ಈ ವರ್ಷ ಸಿಗ್ದಿದ್ರೆ ಬಿಟ್ಟೇ ಬಿಡ್ತೀನಮ್ಮ. ಚಿಕ್ಕಮ್ಮನ ಅಂಗಡೀಲಿ ಕೂತು ಬಟ್ಟೆ ಅಳೀತೀನಿ. ಬಟ್ಟೆ ಏನೂ ಬಾಯ್ತೆಗೆದು ‘ಆ’ ಅನ್ನಲ್ವಲ್ಲ."

"ಅಷ್ಟೆಲ್ಲ ಓದ್ಸಿದ್ದು ಬಟ್ಟೆ ಅಳೆಯೋಕಾ?" ಎಂದು ಅಮ್ಮ ತಟ್ಟೆ ಇಡುತ್ತಿದ್ದಳು. ಮಗಳು ಕೈತುತ್ತು ಬಾಯಿಗೆ ಹೋಗುವ ಮುಂಚೆಯೇ ತೂಕಡಿಸುತ್ತಿದ್ದಳು. ಎಷ್ಟು ತೊಳೆದರೂ ಬೆರಳಿನ ಲವಂಗದೆಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಊಟವೂ ಲವಂಗ, ದಿಂಬೂ ಲವಂಗ, ಕನಸೂ ಲವಂಗ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು, ಮೇಣದ ದಿನ ಎಂದು. ಹಲ್ಲುಸೆಟ್ಟು ಕಡೆಯದಾಗಿ ಗಟ್ಟಿಯಾಗುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಬಾಯಿಗಿಟ್ಟು ನೋಡುತ್ತಾರೆ. ಮೇಣವಿರುವಷ್ಟು ಹೊತ್ತು ಹಲ್ಲನ್ನು ಆಚೀಚೆ ಸರಿಸಬಹುದು, ಆಮೇಲೆ ಕೊರೆದು ತೆಗೆಯದೆ ಬ್ರಹ್ಮ ಬಂದರೂ ಆಗದು. ಇಷ್ಟು ಎಲ್ಲ ಕಡೆಯೂ ಇದೆ. ದೊಡ್ಡ ಡಾಕ್ಟರು ಮಾತ್ರ ಅದಕ್ಕೊಂದು ಬಾಲ ಸೇರಿಸಿದ್ದರು. ಪ್ರತಿಯೊಬ್ಬ ರೋಗಿಗೂ, "ಮೇಣದ ದಿನ ಒಬ್ರೇ ಬರ್ಬೇಡಿ. ಮನೇಲಿ ನಿಮ್ಮತ್ರ ಯಾರು ಜಾಸ್ತಿ ಜಗಳ ಆಡ್ತಾರೋ ಅವರನ್ನ ಕರ್ಕೊಂಡ್ಬನ್ನಿ" ಎನ್ನುತ್ತಿದ್ದರು.

ಹಾಗೆ ಬಂದವರ ಕಾಟ ಹೇಳತೀರದು. ಸೊಸೆಯಂದಿರು ಬರುತ್ತಿದ್ದರು, ನಾದಿನಿಯರು ಬರುತ್ತಿದ್ದರು. ಹಲ್ಲು ಉದ್ದವಾಯಿತು ಎಂದು ಒಬ್ಬಳು, ಗಿಡ್ಡವಾಯಿತು ಎಂದು ಇನ್ನೊಬ್ಬಳು. ಒಂದು ಕೋರೆಹಲ್ಲಿನ ವಾದ ಮುಗಿಯುವಷ್ಟರಲ್ಲಿ ಯುದ್ಧವೊಂದು ಶುರುವಾಗಿ, ಸಂಧಿಯಾಗಿ, ಸೈನಿಕರು ಮನೆ ಸೇರಿರುತ್ತಿದ್ದರು. ಮೊದಲ ವರ್ಷ ಚಿಕ್ಕ ಡಾಕ್ಟರು ಇದನ್ನೆಲ್ಲ ಬೆರಗಿನಿಂದ ನೋಡಿದ್ದಳು, ಎರಡನೆಯ ವರ್ಷ ಸಹಿಸಿದ್ದಳು. ಮೂರನೆಯ ವರ್ಷ ಕಂಡಕ್ಟರ ಸರದಿ ಬಂದಾಗ ಅವಳ ಸೊಂಟ ಮೊದಲು ಮಾತಾಡಿತು. "ಒಬ್ರೇ ಬಂದ್ರೆ ಸಾಕು, ಬೇಗ ಮುಗಿಸೋಣ" ಎಂದುಬಿಟ್ಟಳು.

ಕಂಡಕ್ಟರು ಬಸ್ಸಿನಲ್ಲಿ ಸೀಟಿ ಊದಿ ಊದಿ ನಿವೃತ್ತರಾದವರು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ, ಮಾತು ಮಾತ್ರ ಪೂರ್ತಿ ಉಳಿದಿತ್ತು. ಮೇಣದ ದಿನ ಒಬ್ಬರೇ ಬಂದರು, ಕನ್ನಡಿ ನೋಡಿಕೊಂಡರು, "ಭಾಳ ಚೆನ್ನಾಗಿದೆ ಡಾಕ್ಟ್ರಮ್ಮ, ರೈಟ್ ಹೇಳಿ" ಎಂದರು. ಅವಳೂ ರೈಟ್ ಹೇಳಿದಳು. ಹಲ್ಲುಗಳೋ, ಮೆರವಣಿಗೆಗೆ ನಿಂತ ಪೊಲೀಸರ ಸಾಲು! ಅಷ್ಟು ನೇರ, ಅಷ್ಟು ಬಿಳುಪು. ಅಂಥ ಸೆಟ್ಟನ್ನು ಈ ಭೂಮಂಡಲದಲ್ಲಿ ಯಾರೂ ಮಾಡಿರಲಿಲ್ಲ ಎಂದು ಅವಳಿಗೂ ಅನಿಸಿತ್ತು.

ವಾರ ತುಂಬುವುದರೊಳಗೆ ಕಂಡಕ್ಟರು ಬಾಗಿಲಲ್ಲಿ ನಿಂತಿದ್ದರು. "ಎಡಗಡೆ ಒತ್ತುತ್ತೆ ಡಾಕ್ಟ್ರಮ್ಮ." ಅವಳು ಒಸಡು ನೋಡಿದಳು, ಎಲ್ಲೂ ಕೆಂಪಿಲ್ಲ. ಆದರೂ ಸ್ವಲ್ಪ ಉಜ್ಜಿಕೊಟ್ಟಳು. ಮತ್ತೆ ಬಂದರು. "ಈಗ ಬಲಗಡೆ." ಉಜ್ಜಿದಳು. ಮೂರನೆಯ ಸಲ, "ಮಾತಾಡುವಾಗ ಟಕ್ ಅನ್ನುತ್ತೆ." ಅವಳು ಕಿವಿಯಿಟ್ಟು ಕೇಳಿದಳು. ಟಕ್ ಎಂದದ್ದು ಗೋಡೆ ಗಡಿಯಾರ.

"ಕಡಲೆ ಇದ್ದಾಗ ಹಲ್ಲಿರ್ಲಿಲ್ಲ. ಈಗ ಹಲ್ಲಿದೆ, ಕಡಲೆನೂ ಇದೆ, ಏನೋ ಒಂದು ಇಲ್ಲ ನೋಡಿ" ಎಂದು ಕಂಡಕ್ಟರು ನಕ್ಕರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಅದನ್ನು ನೋಡಿದಳು. ನೋಡಿದರೂ, ಮುಂದಿನ ರೋಗಿಯನ್ನು ಕರೆದಳು.

ಮೂರನೆಯ ಸಲ ಕಂಡಕ್ಟರು ಹೊರಗೆ ಹೋದ ಮೇಲೆ ದೊಡ್ಡ ಡಾಕ್ಟರು ಕೋಲೂರಿಕೊಂಡು ಒಳಗೆ ಬಂದರು.

"ಏನಮ್ಮಾ, ಕಂಡಕ್ಟರಿಗೆ ನಮ್ಮ ಆಸ್ಪತ್ರೆ ಏನು ಬಸ್‌ಸ್ಟ್ಯಾಂಡೇ?"

"ಸೆಟ್ ಸರಿಯಾಗಿದೆ ಸರ್. ಅವರಿಗೆ ಅಭ್ಯಾಸ ಆಗ್ಬೇಕು ಅಷ್ಟೆ."

"ಸರಿಯಾಗಿದ್ರೆ ಯಾಕೆ ಬರ್ತಾರೆ? ನೋಡು, ಆ ಸೆಟ್ ಇನ್ನೊಂದು ಸಲ ನಿನ್ನ ಮೇಜಿನ ಮೇಲೆ ಕಂಡ್ರೆ ಸಂಜೆ ಕೀಲಿ ಮಾತು ಮುಂದಿನ ವರ್ಷಕ್ಕೆ. ಗೊತ್ತಾಯ್ತಾ?"

ಕೀಲಿ ಅವರ ಅಂಗಿಯ ಜೇಬಿನಲ್ಲಿತ್ತು. ಜೇಬಿನ ಬಟ್ಟೆಯ ಮೇಲೆ ಅದರ ಆಕಾರ ಮೂಡಿದ್ದನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ, ಕಣ್ಣು ಕಟ್ಟಿ ಬಿಟ್ಟರೂ ಅದರ ಹಲ್ಲುಗಳನ್ನು ಬರೆದು ತೋರಿಸುತ್ತಿದ್ದಳು.

ಮುಂದಿನ ದಿನಗಳಲ್ಲಿ ಬಾಗಿಲು ಕಿರ್ ಎಂದಾಗಲೆಲ್ಲ ಅವಳು ಕೆಲಸ ಬಿಟ್ಟು ಕತ್ತೆತ್ತಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ಊಟಕ್ಕೆ ಹೋಗಿದ್ದಾಗ ಬಾಗಿಲು ಕಿರ್ ಎಂದಿತು. ಕಂಡಕ್ಟರು. ಅವರ ಹಿಂದೆ, ಅವರನ್ನು ಬೆನ್ನಿಗೆ ಬೆರಳು ಚುಚ್ಚಿ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಹೆಂಗಸು.

"ಏನೂ ತೊಂದ್ರೆ ಇಲ್ಲ ಡಾಕ್ಟ್ರಮ್ಮ" ಎಂದರು ಕಂಡಕ್ಟರು ಮೊದಲೇ. "ಒತ್ತಲ್ಲ, ಟಕ್ ಅನ್ನಲ್ಲ. ಇವಳೇ ಎಳ್ಕೊಂಡ್ಬಂದ್ಲು."

"ರೀ, ನೀವು ಸುಮ್ನಿರಿ" ಎಂದು ಹೆಂಡತಿ ಮುಂದೆ ಬಂದಳು. "ಅಲ್ಲಮ್ಮ, ನನ್ನ ಗಂಡನ್ನ ಕಳಿಸ್ದೆ, ನೀನು ಯಾರನ್ನೋ ವಾಪಸ್ ಕಳಿಸಿದೀಯಲ್ಲ!"

"ಅಂದ್ರೆ?"

"ಬಾಯಿ ತೆಗೀರಿ, ತೋರಿಸ್ರಿ. ನೋಡು, ಅಂಗಡಿ ಗೋಡೆ ಮೇಲೆ ಅಂಟಿಸಿರ್ತಾರಲ್ಲ ಹಲ್ಲುಪುಡಿ ಚಿತ್ರ, ಥೇಟ್ ಹಂಗೆ! ಬೆಳಗ್ಗೆ ಎದ್ದು ನೋಡಿದ್ರೆ ನೆಂಟರು ಯಾರೋ ಬಂದವ್ರೆ ಅನ್ಸುತ್ತೆ. ಇವ್ರಿಗೆ ಮುಂದಿನ ಎರಡು ಹಲ್ಲು ಬೇರೆ ಬೇರೆ ಮನೆ ಮಾಡ್ಕೊಂಡಿದ್ವು. ನಡುವೆ ಸಂದು. ಒಂದು ವಾರೆಯಾಗಿ ಇನ್ನೊಂದರ ಕಡೆ ಇಣುಕಿ ನೋಡ್ತಿತ್ತು. ಆ ಸಂದಲ್ಲೇ ಅಲ್ವೇನ್ರೀ ನೀವು ಸೀಟಿ ಇಲ್ದೇ ಸೀಟಿ ಹೊಡೀತಿದ್ದಿದ್ದು?"

"ಹಳೇ ಕತೆ ಬಿಡೇ" ಎಂದರು ಕಂಡಕ್ಟರು.

"ಯಾಕೆ ಬಿಡ್ಲಿ? ಹಲ್ಲಿಲ್ದಾಗ ಬಾಯ್ತುಂಬ ನಗ್ತಿದ್ರಮ್ಮ. ಹಲ್ಲು ಬಂದ್ಮೇಲೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಾರೆ. ಮೊಮ್ಮಗಳ ಮುಂದೆ ಕೂಡ."

ಚಿಕ್ಕ ಡಾಕ್ಟರಿಗೆ ಬಲ, ಎಡ, ಟಕ್ ಎಲ್ಲವೂ ಈಗ ಅರ್ಥವಾಯಿತು. ಹೇಳಲು ಬಾರದ ನೋವನ್ನು ಮನುಷ್ಯ ಹೇಳಲು ಬರುವ ಕಡೆಗೆ ತೋರಿಸುತ್ತಾನೆ. ಅವರು ತೋರಿಸಿದ ಕಡೆಯೆಲ್ಲ ಇವಳು ಉಜ್ಜಿದ್ದಳು.

"ಬಿಡಿ ಡಾಕ್ಟ್ರಮ್ಮ" ಎಂದರು ಕಂಡಕ್ಟರು. "ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ, ಡಬಲ್ ಡ್ಯೂಟಿ ಮಾಡ್ದೋರ ಮುಖ. ಅಭ್ಯಾಸ ಆಗುತ್ತೆ. ನಾವು ಹೊರಡ್ತೀವಿ. ನಡಿಯೇ."

ಬಿಟ್ಟಿದ್ದರೆ ಆಗುತ್ತಿತ್ತು. ಸೆಟ್ಟು ಅವರ ಬಾಯಲ್ಲಿಯೇ ಇತ್ತು, ಮೇಜಿನ ಮೇಲೆ ಬಂದಿರಲಿಲ್ಲ. ಅವರು ಆ ಬಾಗಿಲು ದಾಟಿದರೆ ಈ ವರ್ಷವೇ ಕೀಲಿ. ಅವಳಿಗೆ ಕೂರಬೇಕೆನಿಸಿತು. ಭೂಮಿಯ ಮೇಲಿದ್ದ ಕುರ್ಚಿಗಳೆಲ್ಲ ಒಟ್ಟಾಗಿ ಅವಳನ್ನು "ಬಾ ತಾಯಿ" ಎಂದು ಕರೆದಂತಾಯಿತು. ಕಂಡಕ್ಟರು ಬಾಗಿಲಿನ ಹಿಡಿಗೆ ಕೈ ಹಾಕಿ, "ಬರ್ತೀವಿ" ಎಂದು ನಕ್ಕರು. ಇನ್ನೊಂದು ಕೈ ತಾನಾಗಿಯೇ ಬಾಯಿಗೆ ಹೋಯಿತು.

"ಹೋಲ್ಡಾನ್" ಎಂದಳು ಚಿಕ್ಕ ಡಾಕ್ಟರು.

ಕಂಡಕ್ಟರು ನಿಂತರು. ಆಯುಷ್ಯವೆಲ್ಲ ಆ ಮಾತನ್ನು ಹೇಳಿದವರು, ಕೇಳಿದ್ದು ಅದೇ ಮೊದಲು.

"ತೆಗೀರಿ ಸೆಟ್ಟನ್ನ. ಇಲ್ಲಿಡಿ."

ಸೆಟ್ಟು ಮೇಜಿನ ಮೇಲೆ ಬಂತು. ಅವಳು ಮುಂದಿನ ಹಲ್ಲುಗಳನ್ನು ಕೊರೆದು ತೆಗೆದು, ದೀಪ ಹಚ್ಚಿ ಮೇಣ ಕರಗಿಸಿ, ಅವನ್ನು ಮತ್ತೆ ಕೂರಿಸಿ ಕಂಡಕ್ಟರ ಬಾಯಿಗಿಟ್ಟಳು. ಹೆಂಡತಿ ಕುರ್ಚಿಯ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಡನ ಬಸ್ಸಿನಲ್ಲಿ ಎಷ್ಟು ತಿರುಗಿದ್ದಳೋ ಏನೋ, ಹಲ್ಲನ್ನು ಬಸ್ಸಿನಂತೆಯೇ ಹಿಂದಕ್ಕೆ ತೆಗೆಸಿದಳು.

"ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಅಯ್ಯೋ ಹೋಲ್ಡಾನ್! ಜಾಸ್ತಿ ಆಯ್ತು. ಎದುರುಮನೆಯವರ ಹಲ್ಲಾಯ್ತು ಅದು. ಸ್ವಲ್ಪ ಮುಂದಕ್ಕೆ. ಹಾಂ, ಈಗ ಮೂಲೆ ತಿರುಗಿಸು."

ಬಾಯಲ್ಲಿ ಮೇಣ ತುಂಬಿಕೊಂಡ ಕಂಡಕ್ಟರು ಏನೋ ಹೇಳಹೊರಟರು.

"ಪ್ಯಾಸೆಂಜರ್ ಮಾತಾಡ್ಬಾರ್ದು" ಎಂದಳು ಹೆಂಡತಿ.

ತೆಗೆದು, ಕಾಯಿಸಿ, ಸರಿಸಿ, ಇಟ್ಟು, ಮತ್ತೆ ತೆಗೆದು. ಚಿಕ್ಕ ಡಾಕ್ಟರ ಸೊಂಟ ಬಿಲ್ಲಾಗಿ, ಬಾಣ ಹೂಡುವುದೊಂದೇ ಬಾಕಿಯಿತ್ತು. ಹೊರಗೆ ಕಾಯುತ್ತಿದ್ದವರಿಗೆ ಗಡ್ಡ ಬೆಳೆಯಿತು, ಹೆಂಗಸರಿಗೂ. ಕೊನೆಗೆ ಒಂದು ಹಲ್ಲು ಇನ್ನೊಂದರ ಕಡೆ ವಾರೆಯಾಗಿ ಇಣುಕುವಂತೆ ಕೂತಿತು. ಹೆಂಡತಿ ಸೆರಗಿನ ತುದಿಯಿಂದ ಗಂಡನ ಗಲ್ಲದ ಮೇಲಿನ ಮೇಣದ ಹನಿ ಒರೆಸಿ, "ಬಂದ್ರಾ?" ಎಂದಳು.

ಕಂಡಕ್ಟರು ಕನ್ನಡಿ ನೋಡಿಕೊಂಡು ನಕ್ಕರು. ಎರಡೂ ಕೈ ತೊಡೆಯ ಮೇಲೆಯೇ ಇದ್ದವು.

ಆ ಹೊತ್ತಿಗೆ ಸರಿಯಾಗಿ ಕೋಲಿನ ಸದ್ದು ಕೇಳಿಸಿತು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಮೇಜು ನೋಡಿದರು, ಕೊರೆದ ಪುಡಿ ನೋಡಿದರು, ಕಂಡಕ್ಟರ ಬಾಯಿ ನೋಡಿದರು. ಸೆಟ್ಟನ್ನು ಗಟ್ಟಿಮಾಡಲು ಬಿಟ್ಟು ಅವರಿಬ್ಬರೂ ಹೋದ ಮೇಲೆ ಕೇಳಿದರು.

"ಮತ್ತೆ ಬಂತಾ?"

"ಅವರು ಕೊಡ್ಲಿಲ್ಲ ಸರ್. ನಾನೇ ಇಸ್ಕೊಂಡೆ."

"ಮೇಣದ ದಿನ ಯಾರು ಜೊತೆಗೆ ಬಂದಿದ್ರು?"

"ಯಾರೂ ಇಲ್ಲ. ನಾನೇ ಒಬ್ರೇ ಬನ್ನಿ ಅಂದಿದ್ದೆ. ಸುಸ್ತಾಗಿತ್ತು."

ದೊಡ್ಡ ಡಾಕ್ಟರು ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಂಡರು. ಇನ್ನೇನು ಕೀಲಿ ತೆಗೆದು ಕೊಟ್ಟೇಬಿಡುತ್ತಾರೆ ಎಂದು ಕೇಳುವವರಿಗೆ ಅನಿಸಬಹುದು. ಕೊಡಲಿಲ್ಲ. ಇಷ್ಟೆಲ್ಲ ಬಣ್ಣ ಬಳಿದು ಹೇಳಿದ ಬಾಯಿಗೂ ಇಲ್ಲೊಂದು ಸುಳ್ಳು ಸೇರಿಸಲು ಮನಸ್ಸಾಗುತ್ತಿಲ್ಲ.

"ಸುಸ್ತು ಸಂಜೆಗೆ ಜಾಸ್ತಿ ಆಗುತ್ತಮ್ಮ" ಎಂದರು. "ಮುಂದಿನ ವರ್ಷ ನೋಡೋಣ." ಜೇಬಿನ ಮೇಲೊಮ್ಮೆ ಕೈಯಾಡಿಸಿ, ಎದ್ದು, ಕೋಲೂರಿಕೊಂಡು ಹೋದರು.

ಅಂದು ಮನೆಯಲ್ಲಿ ಅಮ್ಮ ಕೇಳಿದಳು. ಮಗಳು ಹೇಳಿದಳು. ಅಮ್ಮ ತಟ್ಟೆ ಇಟ್ಟು, "ಚಿಕ್ಕಮ್ಮಂಗೆ ಹೇಳ್ಲಾ ಹಂಗಾದ್ರೆ?" ಎಂದಳು. ಅಷ್ಟರಲ್ಲಿ ಮಗಳು ತಟ್ಟೆಯ ಮುಂದೆಯೇ ನಿದ್ದೆ ಹೋಗಿದ್ದಳು.

ಆಮೇಲಿನದು ಕಂಡಕ್ಟರ ಹೆಂಡತಿಯ ಪ್ರತಾಪ. ಡಿಪೋದ ಹಲ್ಲಿಲ್ಲದ ಡ್ರೈವರು, ಮೆಕ್ಯಾನಿಕ್ಕು, ಚೆಕಿಂಗ್ ಇನ್ಸ್‌ಪೆಕ್ಟರು ಎಲ್ಲರನ್ನೂ ಆಕೆ ಅಟ್ಟಿ ಅಟ್ಟಿ ಕಳಿಸಿದಳು. ಸಾಲು ಎಷ್ಟುದ್ದ ಬೆಳೆಯಿತೆಂದರೆ ಅದರ ಕೊನೆಯಲ್ಲಿದ್ದವರಿಗೆ ಬೇರೆ ಊರಿನ ಆಸ್ಪತ್ರೆ ಹತ್ತಿರವಾಗಿತ್ತು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ, "ವಾರೆಹಲ್ಲಿನ ಡಾಕ್ಟ್ರಮ್ಮ ಇದಾರಾ?" ಬೋರ್ಡು ಬರುವ ಮುಂಚೆ ಅವಳಿಗೆ ಈ ಹೆಸರು ಬಂತು. ಒಂದು ವಾರೆಹಲ್ಲೂ ಇಲ್ಲದ ಬಾಯಿಯಿಂದ ಅವಳು "ಇದೀನಿ" ಎನ್ನುತ್ತಿದ್ದಳು.

ಒಂದು ದಿನ ಎಲ್ಲ ಮುಗಿದು, ಕೈಗವಸು ಬಿಚ್ಚಿ ಎಸೆಯುವ ಹೊತ್ತಿಗೆ ಒಬ್ಬ ಮುದುಕ ಡ್ರೈವರು ಅಚ್ಚು ಕೊಟ್ಟು ಎದ್ದರು. "ಮುಂದಿನ ಸಲ ಬೇಗ ಮುಗಿಸ್ತೀರಾ ಡಾಕ್ಟ್ರಮ್ಮ? ನಾನೊಬ್ನೇ ಬಂದು ಹೋಗ್ಬಿಡ್ತೀನಿ."

ಸೊಂಟ ಹೂಂ ಎಂದಿತು. ಅವಳು ಗೋಡೆಗೆ ಒರಗಿದಳು.

"ಮನೇಲಿ ನಿಮ್ಮತ್ರ ಯಾರು ಜಾಸ್ತಿ ಜಗಳ ಆಡ್ತಾರೆ?"

"ನಮ್ಮಕ್ಕ. ಬಾಯಿ ಅಂದ್ರೆ ಬಾಯಿ. ಕೂತ್ರೆ ಮಧ್ಯಾಹ್ನದವರೆಗೂ ಏಳಲ್ಲ."

"ಕರ್ಕೊಂಡ್ಬನ್ನಿ" ಎಂದಳು ಚಿಕ್ಕ ಡಾಕ್ಟರು, ಕಣ್ಣು ಮುಚ್ಚಿಕೊಂಡು.