ಬಸ್ಸಿನ ಹಣೆಯ ಅಕ್ಷರ

ಬಸ್ ಮಾಲೀಕನ ಅಳಿಯ ಹೊಸ ಬೋರ್ಡನ್ನು ಮೇಜಿನ ಮೇಲಿಟ್ಟಾಗ ಬೋರ್ಡಮ್ಮ ಬ್ರಷ್ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿದಳು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಸಾಕು.

ಮಾಲೀಕನ ನಲವತ್ತು ಬಸ್ಸುಗಳಿಗೆ ಇಪ್ಪತ್ತೆರಡು ವರ್ಷದಿಂದ ಬೋರ್ಡು ಬರೆದವಳು ಅವಳು. ಹೊರಡುವ ಜಾಗ, ನಡುವಿನ ನಿಲ್ದಾಣ, ಸೇರುವ ಜಾಗ, ಮೂರೂ ಒಂದೇ ಸಾಲಿನಲ್ಲಿ ಹಿಡಿಸಬೇಕು. ಅದಕ್ಕೇ ಅವಳ ಅಕ್ಷರ ಎತ್ತರ, ಇಕ್ಕಟ್ಟು, ದಪ್ಪ. ಬಾಲ ಬಳುಕು ಒಂದೂ ಇಲ್ಲ. ಮೊದಲು ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸುತ್ತಿದ್ದಳು, ಆಮೇಲೆ ಸುತ್ತ ಕಪ್ಪು ಬಳಿಯುತ್ತಿದ್ದಳು. ಈ ಕೆಲಸ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ.

"ಕಂಪ್ಯೂಟರಲ್ಲಿ ಒಂದೇ ನಿಮಿಷ," ಎಂದ ಅಳಿಯ. "ದಪ್ಪ ಅಕ್ಷರ ಹಾಕಿ ಎರಡೂ ಕಡೆಯಿಂದ ಒತ್ತಿದ್ರೆ ಕಿರಿದಾಯ್ತು."

"ದಪ್ಪಗಿರೋರನ್ನ ಬಾಗಿಲ ಸಂದೀಲಿಟ್ಟು ಒತ್ತಿದ್ರೆ ಸಣ್ಣ ಆಗ್ತಾರಾ, ಅಳಿಯಂದ್ರೇ? ಉಸಿರುಕಟ್ಟಿ ಸಾಯ್ತಾರೆ."

ಹೊಸ್ತಿಲಲ್ಲಿ ನಿಂತಿದ್ದ ಮಾಲೀಕ ಗೋಡೆ ನೋಡುತ್ತ ಹೇಳಿದ: "ನಾಲ್ಕು ಬಸ್ಸಿನ ಮುಂದೆ ಹಾಕಿ ನೋಡೋಣ ಅಂತಾನೆ, ಬೋರ್ಡಮ್ಮ."

"ಹಾಕಿ ಅಣ್ಣ. ನಾಳೆ ಬೆಳಿಗ್ಗೆ ಆಸ್ಪತ್ರೆ ಬಸ್ಸನ್ನ ಇವರೇ ಬೋರ್ಡು ಓದಿ ಕೈ ತೋರ್ಸಿ ನಿಲ್ಲಿಸ್ಲಿ. ನಿಲ್ಲಿಸಿದ್ರೆ ಬ್ರಷ್ ಕೆಳಗಿಡ್ತೀನಿ."

ಮರುದಿನ ಮೂವರು ತಿರುವಿನ ನಿಲ್ದಾಣದಲ್ಲಿದ್ದರು: ಅಳಿಯ, ಬೋರ್ಡಮ್ಮ, ಮಂಡಿನೋವಿನ ಒಬ್ಬ ಅಜ್ಜಿ. ಅಲ್ಲಿ ಕೈ ಎತ್ತದಿದ್ದರೆ ಯಮನೇ ನಿಂತಿದ್ದರೂ ಬಸ್ ನಿಲ್ಲದು. ಮಾರ್ಕೆಟ್ ಬಸ್ಸಿಗೂ ಆಸ್ಪತ್ರೆ ಬಸ್ಸಿಗೂ ಒಂದೇ ಬಣ್ಣ.

ದೂರದಲ್ಲಿ ಬಸ್ ಕಂಡಿತು. ಅಳಿಯ ಹಣೆಗೆ ಕೈ ಅಡ್ಡ ಹಿಡಿದ. ಒತ್ತಿದ ಅಕ್ಷರಗಳಲ್ಲಿ ನಿಂತ ಗೆರೆಗಳು ಕಡ್ಡಿಯಾಗಿದ್ದವು, ಮಲಗಿದ ಗೆರೆಗಳು ದಪ್ಪಗೇ ಉಳಿದಿದ್ದವು, ನಡುವಿನ ಬಿಳಿಯೆಲ್ಲ ಮುಚ್ಚಿಹೋಗಿತ್ತು. ದೂರದಿಂದ ಅದು ಮಸಿ ಬಳಿದ ಬೇಲಿ.

"ಇದಲ್ಲ, ಇದು ಮಾರ್ಕೆಟ್‌ದು," ಎಂದ.

ಬಸ್ ಧೂಳೆಬ್ಬಿಸಿ ಹೋಯಿತು. ಡ್ರೈವರ್ ಪಕ್ಕದಲ್ಲಿ ಕೂತಿದ್ದ ಮಾವ ಅಳಿಯನನ್ನು ನೋಡಿ ಮುಖ ತಿರುಗಿಸಿಕೊಂಡ. ಬಸ್ಸಿನ ಹಿಂದಿನ ಬೋರ್ಡು ಮಾತ್ರ ಹಳೆಯದು. ಬೋರ್ಡಮ್ಮನ ಕೈಯ 'ಆಸ್ಪತ್ರೆ' ಮುಂದಿನ ತಿರುವಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಬಿಸಿಲು ಕಣ್ಣಿಗೆ ಹೊಡೀತು," ಎಂದ ಅಳಿಯ.

"ಹೌದಪ್ಪಾ, ಸೂರ್ಯನಿಗೂ ಕಂಪ್ಯೂಟರ್ ಬರಲ್ಲ," ಎಂದಳು ಬೋರ್ಡಮ್ಮ.

"ಈಗ ನನ್ನನ್ನ ನೀನೇ ಹೊತ್ಕೊಂಡು ಹೋಗ್ತೀಯೇನೋ?" ಎಂದಳು ಅಜ್ಜಿ.

ಸಂಜೆ ಅಳಿಯ ನಾಲ್ಕೂ ಬೋರ್ಡುಗಳನ್ನು ತಾನೇ ಹೊತ್ತು ತಂದ. "ಮಾವ ಕಳಿಸಿದ್ರು. ಮೊದಲಿನ ಹಾಗೇ ಬರೀಬೇಕಂತೆ."

ಬೋರ್ಡಮ್ಮ ಒಂದನ್ನು ಮಗುಚಿ ಬೆರಳಿನಿಂದ ತಟ್ಟಿದಳು. "ಪರವಾಗಿಲ್ಲ, ಹಿಂಬದಿ ಚೆನ್ನಾಗಿದೆ."

ಅವನು ಹೋಗಲಿಲ್ಲ. ಉಗುರು ಕಚ್ಚುತ್ತ ನಿಂತೇ ಇದ್ದ. ಪಾಪ, ಮನೆಗೆ ಹೋದರೆ ಮಾವ ಇದ್ದಾನೆ. ಬೋರ್ಡಮ್ಮ ಅವನತ್ತ ಪೆನ್ಸಿಲ್ ಚಾಚಿದಳು.

"ಕೂತ್ಕೋ. ಮೊದಲು ಒಳಗಿನ ಬಿಳಿ ಗುರುತು ಮಾಡು."

ಅಳಿಯ ನಾಲಿಗೆ ಕಚ್ಚಿಕೊಂಡು ಅರ್ಧ ಗಂಟೆ ಒಂದೇ ಅಕ್ಷರ ತಿದ್ದಿದ. ಬೋರ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಥೂ," ಎಂದು ರಬ್ಬರ್ ಕೊಟ್ಟಳು.